ಹಿಂದಿನ ಸೀಟು

"ಇಬ್ಬರೂ ಒಂದೇ ಗಾಡೀಲಿ ಹೋಗ್ತೀರೇನೆ?"

ಅತ್ತೆ ಈ ಪ್ರಶ್ನೆ ಕೇಳಿದ್ದು ಹೂಬತ್ತಿ ಹೊಸೆಯುತ್ತಾ, ತಲೆ ಕೂಡ ಎತ್ತದೆ. 2018ರ ಮೇ ತಿಂಗಳು. ಜುಲೈಯಲ್ಲಿ ನಾವಿಬ್ಬರೂ ಬುಲೆಟ್ಟಿನ ಮೇಲೆ ಮನಾಲಿಯಿಂದ ಲೇಹ್‌ವರೆಗೆ ಹೋಗಿಬರುವುದೆಂದು ನಮ್ಮವರು ಊಟದ ಹೊತ್ತಿನಲ್ಲಿ ಹೇಳಿದ್ದರು. ಮಗಳಿಗೆ ಖುಷಿಯೋ ಖುಷಿ. ಮಗ ಮ್ಯಾಪು ತೆಗೆದು ಕೂತ. ಅತ್ತೆ ಮಾತ್ರ ಕೈ ತೊಳೆದು ಬಂದು, ಹತ್ತಿಯ ಡಬ್ಬಿ ತೆಗೆದು, ಅರ್ಧ ಗಂಟೆ ಕಳೆದ ಮೇಲೆ ಈ ಒಂದು ಮಾತು ಕೇಳಿದರು. ಚಳಿ ಎಷ್ಟು, ಖರ್ಚು ಎಷ್ಟು, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಯಾವುದನ್ನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿದ್ಧವಾಗಿತ್ತು.

ನಮ್ಮವರದು ಬ್ಯಾಂಕಿನ ಕೆಲಸ. ಲೆಕ್ಕದಲ್ಲಿ ವಾದ ಮಾಡುವುದು ಅವರ ಅಭ್ಯಾಸ. "ತಿಂಗಳಿಗೊಮ್ಮೆ ಇಬ್ಬರೂ ಒಂದೇ ಕಾರಿನಲ್ಲಿ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿಬರ್ತೀವಲ್ಲ, ಅದನ್ನು ಯಾರಾದರೂ ಕೇಳ್ತಾರಾ? ಅಪಾಯ ಅಲ್ಲೇ ಜಾಸ್ತಿ" ಎಂದರು. ಇರಬಹುದು. ಆದರೆ ಬೆಂಗಳೂರಿಗೆ ಹೋಗುವುದು ಮದುವೆಗೋ, ಆಸ್ಪತ್ರೆಗೋ, ಮಗಳ ಕಾಲೇಜಿನ ಫೀಸು ಕಟ್ಟುವುದಕ್ಕೋ. ದಾರಿಯಲ್ಲಿ ಏನಾದರೂ ಆದರೆ ಜನ ಹಣೆಬರಹ ಅನ್ನುತ್ತಾರೆ. ಹದಿನೇಳು ಸಾವಿರ ಅಡಿ ಎತ್ತರದ ಕಣಿವೆಬಾಯಿಗೆ ಬೈಕಿನಲ್ಲಿ ಹೋಗಿ ಏನಾದರೂ ಮಾಡಿಕೊಂಡರೆ ಅದನ್ನು ಹಣೆಬರಹ ಅನ್ನುವುದಿಲ್ಲ, ಕೊಬ್ಬು ಅನ್ನುತ್ತಾರೆ. ಜನ ಅಂದದ್ದೆಲ್ಲ ಸುಳ್ಳೇ ಆಗಿರಬೇಕಿಲ್ಲ. ಸುಖಕ್ಕಾಗಿ, ಬರೀ ನೋಡುವ ಸುಖಕ್ಕಾಗಿ, ಎರಡು ಮಕ್ಕಳ ತಂದೆ ತಾಯಿ ಇಬ್ಬರೂ ಒಂದೇ ಸಲ ಪ್ರಾಣವನ್ನು ಒಂದೇ ತಕ್ಕಡಿಗೆ ಹಾಕಬಹುದೆ?

ನನಗಾಗ ನಲವತ್ತೇಳು. ಮದುವೆಯಾದ ಮೇಲೆ ನನಗಾಗಿ ಅಂತ ಒಂದು ಊರು ನೋಡಿದವಳಲ್ಲ. ತೀರ್ಥಯಾತ್ರೆ ಆಗಿತ್ತು, ಅತ್ತೆ ಮಾವನ ಜೊತೆ. ಹಾಗಾಗಿ ಹೋಗಬೇಕೆಂಬ ಆಸೆ ನಮ್ಮವರಿಗಿಂತ ನನಗೇ ಹೆಚ್ಚಿತ್ತು ಎನ್ನುವುದನ್ನು ಒಪ್ಪಿಕೊಂಡೇ ಮುಂದೆ ಬರೆಯುತ್ತೇನೆ. ಹೊರಡುವ ಮೊದಲು ಒಂದು ನೋಟು ಪುಸ್ತಕದಲ್ಲಿ ಪಾಸ್‌ಬುಕ್ಕುಗಳ ಸಂಖ್ಯೆ, ವಿಮೆಯ ಕಾಗದ, ಯಾವುದಕ್ಕೆ ಯಾರು ನಾಮಿನಿ, ಬೀರುವಿನ ಒಳಖಾನೆಯಲ್ಲಿ ಏನೇನಿದೆ, ಎಲ್ಲ ಬರೆದು ನನ್ನ ತಮ್ಮನ ಕೈಗೆ ಕೊಟ್ಟೆ. ಸಹಕಾರಿ ಸಂಘದಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದ ಕೈ ನನ್ನದು. ಆ ಎರಡು ಪುಟ ಬರೆಯುವಾಗ ನಡುಗಿದಷ್ಟು ಎಂದೂ ನಡುಗಿರಲಿಲ್ಲ. "ಅಮ್ಮ, ಹೋಗಿ ಬಾ" ಎಂದಳು ಮಗಳು. ಮಕ್ಕಳ ಅಪ್ಪಣೆಯನ್ನು ಈ ವಿಷಯದಲ್ಲಿ ಎಷ್ಟರ ಮಟ್ಟಿಗೆ ಅಪ್ಪಣೆ ಎನ್ನಬಹುದೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಗಾಡಿಯ ಪೆಟ್ರೋಲು ಪೂರ್ತಿ ಖಾಲಿ ಮಾಡಿಸಿ ರೈಲಿನಲ್ಲಿ ದೆಹಲಿಗೆ ಪಾರ್ಸೆಲ್ ಕಳಿಸಿದ್ದಾಯಿತು. ದೆಹಲಿಯಿಂದ ಮನಾಲಿಗೆ ಎರಡು ದಿನ. ಅದರ ಸೆಖೆ, ಲಾರಿಗಳ ಕಾಟ ಬೇಡ ಬಿಡಿ. ಹೇಳಬೇಕಾದ ಒಂದೇ ಸಂಗತಿ ನಾನು ಕೂರುವ ರೀತಿಯದು. ಇಪ್ಪತ್ತು ವರ್ಷ ಇದೇ ಗಾಡಿಯ ಮೇಲೆ ಸೀರೆಯುಟ್ಟು, ಎರಡೂ ಕಾಲು ಒಂದೇ ಕಡೆ ಹಾಕಿ, ಸಂತೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ನಾನು. ಈಗ ಸಲ್ವಾರು ಹಾಕಿ, ಎರಡೂ ಕಡೆ ಕಾಲು ಚಾಚಿ ಕೂತಾಗ ಗೊತ್ತಾಯಿತು, ಹಿಂದೆ ಕೂತವರು ಮೂಟೆಯಲ್ಲ. ತಿರುವಿನಲ್ಲಿ ಓಡಿಸುವವರು ಯಾವ ಕಡೆ ವಾಲುತ್ತಾರೋ ಹಿಂದಿನವರೂ ಆ ಕಡೆಗೇ ಮೈ ಕೊಡಬೇಕು. ಹೆದರಿ ಎದುರು ಕಡೆ ವಾಲಿದರೆ ಗಾಡಿ ತೂಕ ತಪ್ಪುತ್ತದೆ. ಎಷ್ಟು ಗಟ್ಟಿ ಕೈಯವರು ಓಡಿಸಿದರೂ ಹಿಂದಿನ ಮೈ ಸಹಕರಿಸದಿದ್ದರೆ ಗಾಡಿ ನೆಟ್ಟಗೆ ಹೋಗುವುದಿಲ್ಲ. ಗಾಳಿಯ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ನಾವೊಂದು ಕರಾರು ಮಾಡಿಕೊಂಡೆವು. ಹೆಗಲ ಮೇಲೆ ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸುವುದು.

ಈಗ ರೋಹ್ತಾಂಗಿನ ಅಡಿಯಲ್ಲಿ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ಇದೆ, 2020ರ ಅಕ್ಟೋಬರಿನಲ್ಲಿ ತೆರೆದದ್ದು. ನಾವು ಹೋದಾಗ ಅದಿರಲಿಲ್ಲ. ಹದಿಮೂರು ಸಾವಿರ ಅಡಿಯ ರೋಹ್ತಾಂಗನ್ನು ಹತ್ತಿಯೇ ಇಳಿಯಬೇಕಿತ್ತು. ಮನಾಲಿಯ ಕಡೆ ದೇವದಾರು, ಹಸಿರು, ಮಂಜು, ನಮ್ಮ ಆಗುಂಬೆಗೆ ಚಳಿ ಹಿಡಿದ ಹಾಗೆ. ಕಣಿವೆಬಾಯಿ ದಾಟಿ ಲಾಹೌಲಿಗೆ ಇಳಿದರೆ ಆ ಹಸಿರೆಲ್ಲ ಯಾರೋ ಒರೆಸಿ ಹಾಕಿದಂತೆ. ಬರೀ ಬೆಟ್ಟದ ಮೈ. ಮುಂಗಾರಿನ ಮೋಡಗಳನ್ನು ಆ ಗೋಡೆ ಆಚೆಯೇ ತಡೆದು ನಿಲ್ಲಿಸುತ್ತದೆ. ತಾಂಡಿಯಲ್ಲಿ ಚಂದ್ರಾ ನದಿ ಭಾಗಾ ನದಿಯನ್ನು ಕೂಡುತ್ತದೆ. ಮುಂದೆ ಅದೇ ಚಿನಾಬ್. ಅಲ್ಲಿಯ ಪೆಟ್ರೋಲ್ ಬಂಕಿನಲ್ಲಿ, ಇನ್ನೊಂದು ಬಂಕು 365 ಕಿಲೋಮೀಟರ್ ಆಚೆ ಎಂದು ಬೋರ್ಡು ಹಾಕಿದ್ದರು. ಅದನ್ನು ಓದಿ ನನ್ನ ಹೊಟ್ಟೆಯಲ್ಲಿ ಏನೋ ಆಯಿತು. ಎರಡು ಕ್ಯಾನು ತುಂಬಿಸಿಕೊಂಡು ಹೊರಟೆವು.

ದಾರಿಯುದ್ದಕ್ಕೂ ರಸ್ತೆಯವರ ಹಳದಿ ಕಲ್ಲುಗಳು, ಅವುಗಳ ಮೇಲೆ ಇಂಗ್ಲಿಷಿನಲ್ಲಿ ತಮಾಷೆಯ ಎಚ್ಚರಿಕೆಗಳು. ಅವುಗಳಲ್ಲಿ ಒಂದರ ಅರ್ಥ ಹೀಗೆ: ಹರಟೆ ಹೊಡೆಯಬೇಡ, ಅವನು ಓಡಿಸಲಿ. ನಮ್ಮವರು ಗಾಡಿ ನಿಲ್ಲಿಸಿ ನನ್ನನ್ನು ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ನಾನೂ ಬಾಯಿಯ ಮೇಲೆ ಬೆರಳಿಟ್ಟು ನಿಂತೆ. ಇಬ್ಬರೂ ಬಹಳ ನಕ್ಕೆವು. ಆ ಫೋಟೋ ಈಗಲೂ ಇದೆ. ಬೇರೆಲ್ಲ ಫೋಟೋ ಗೋಡೆಗೆ ಹಾಕಿಸಿದ್ದೇವೆ, ಅದೊಂದನ್ನು ಹಾಕಿಸಿಲ್ಲ.

ಜಿಸ್ಪಾದಲ್ಲಿ ಒಂದು ರಾತ್ರಿ ಮಲಗಿ ಮಾರನೆಯ ದಿನ ಸರ್ಚುವಿಗೆ ಹೊರಟೆವು. ಹತ್ತು ಸಾವಿರ ಚಿಲ್ಲರೆ ಅಡಿಯಲ್ಲಿ ಮಲಗಿದವರು ಮಾರನೆಯ ರಾತ್ರಿ ಹದಿನಾಲ್ಕು ಸಾವಿರ ಅಡಿಯಲ್ಲಿ ಮಲಗುವುದು. ಇದು ಎಷ್ಟು ದೊಡ್ಡ ತಪ್ಪೆಂದು ಈಗ ಗೊತ್ತು. ಹತ್ತು ಸಾವಿರ ಅಡಿ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ ಒಂದೂವರೆ ಸಾವಿರ ಅಡಿಗಿಂತ ಹೆಚ್ಚು ಏರಬಾರದೆಂದು ವೈದ್ಯರು ಹೇಳುತ್ತಾರೆ. ಸರ್ಚುವಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರದ ದಡದಲ್ಲಿ ಸಿಗುವುದರ ನೂರಕ್ಕೆ 60ರಷ್ಟು. ಮೈ ಅದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು.

ದಾರ್ಚಾ ದಾಟಿ ಝಿಂಗ್‌ಝಿಂಗ್‌ಬಾರಿನ ಹತ್ತಿರ ಹಳ್ಳದ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನಕ್ಕೆ ಮೊಣಕಾಲಿಗೆ ಬರುತ್ತದೆ. ನಾವು ಹೋದಾಗ ಎರಡು ಗಂಟೆ. ನಾನು ಇಳಿದು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ದಾಟಿದೆ, ನಮ್ಮವರು ಗಾಡಿಯನ್ನು ಕುದುರೆಯಂತೆ ಗದರಿಸುತ್ತಾ ದಾಟಿಸಿದರು. ಆಚೆ ದಡದಲ್ಲಿ ಕೆಲಸದವರಿದ್ದರು. ಈ ರಸ್ತೆಗಳನ್ನು ನೋಡಿಕೊಳ್ಳುವುದು 1960ರಲ್ಲಿ ಹುಟ್ಟಿದ ಗಡಿ ರಸ್ತೆಗಳ ಸಂಸ್ಥೆ. ಕಲ್ಲು ಒಡೆದು ಟಾರು ಹಾಕುವವರಲ್ಲಿ ಬಹಳ ಮಂದಿ ದೂರದ ಜಾರ್ಖಂಡಿನ ದುಮ್ಕಾ ಕಡೆಯವರು. ಮುಖಕ್ಕೆ ಬಟ್ಟೆ ಸುತ್ತಿದ ಒಬ್ಬ ಹೆಂಗಸು ಬಾಣಲಿಯಲ್ಲಿ ಜಲ್ಲಿ ಹೊರುತ್ತಿದ್ದಳು. ಅವಳ ಬೆನ್ನಿಗೆ ಕಟ್ಟಿದ ಕೂಸು ನಿದ್ದೆ ಮಾಡುತ್ತಿತ್ತು. ನಾನು ದುಡ್ಡು ಖರ್ಚು ಮಾಡಿ ಕೊಂಡುಕೊಂಡ ಅಪಾಯ ಅವಳಿಗೆ ಕೂಲಿಗೆ ಸಿಕ್ಕಿತ್ತು. ಅವಳ ಮಗುವಿನ ವಿಚಾರದಲ್ಲಿ "ಇಬ್ಬರೂ ಒಂದೇ ಕಡೆ ಹೋಗ್ತೀರೇನೆ" ಎಂದು ಕೇಳುವವರು ಯಾರಾದರೂ ಇದ್ದರೋ ಏನೋ. ನನ್ನ ಒದ್ದೆ ಕಾಲುಚೀಲ ನೋಡಿ ಅವಳು ನಕ್ಕಳು. ನಾನೂ ನಕ್ಕೆ. ಅಷ್ಟೆ.

ತಲೆನೋವು ಶುರುವಾಗಿದ್ದು ಅಲ್ಲಿಂದಲೇ. ಮೊದಲು ಹೆಲ್ಮೆಟ್ಟು ಬಿಗಿಯಾಯಿತೇನೋ ಅಂದುಕೊಂಡೆ. ಬಾರಾಲಾಚಾ ಹತ್ತುವ ಹೊತ್ತಿಗೆ ಕಣ್ಣಿನ ಹಿಂದೆ ಯಾರೋ ಒನಕೆಯಲ್ಲಿ ಕುಟ್ಟಿದಂತೆ. ಮೇಲೆ ಸೂರಜ್‌ತಾಲ್ ಸರೋವರ ನೀಲಿ ಗಾಜಿನ ತಟ್ಟೆಯಂತಿತ್ತು, ಭಾಗಾ ನದಿಯ ಹುಟ್ಟು ಅಲ್ಲೇ ಎಂದು ನಮ್ಮವರು ಕೂಗಿ ಹೇಳಿದರು. ನಾನು ತಲೆಯಾಡಿಸಿದೆ. ಆಡಿಸಿದ ತಲೆ ಸುಮ್ಮನಾಗಲು ಬಹಳ ಹೊತ್ತು ಹಿಡಿಯಿತು. ಎರಡು ಸಲ ತಟ್ಟಲು ಕೈ ಎತ್ತಿದೆ. ಮತ್ತೆ ಇಳಿಸಿದೆ. ಅವರ ಬೆನ್ನು ಅಷ್ಟು ಸಂತೋಷವಾಗಿತ್ತು. ಬೆನ್ನು ನೋಡಿ ಮನಸ್ಸು ತಿಳಿಯುವುದು ಇಪ್ಪತ್ತು ವರ್ಷ ಹಿಂದೆ ಕೂತವರಿಗೆ ಬರುವ ವಿದ್ಯೆ. ಸಂಭ್ರಮದಲ್ಲಿರುವವರಿಗೆ ತಲೆನೋವು ಎಂದು ಹೇಗೆ ಹೇಳುವುದು? ಅವರು ನೀರು ಕುಡಿಯಲು ನಿಲ್ಲಿಸಿದಾಗ ಅತ್ತ ತಿರುಗಿ ಒಂದು ಮಾತ್ರೆ ನುಂಗಿದೆ.

ಇನ್ನೊಂದು ಸಂಗತಿ ಇದೆ, ಇದನ್ನು ಗಂಡಸರು ಬರೆದ ಪ್ರವಾಸಕಥನಗಳಲ್ಲಿ ನಾನು ಓದಿಲ್ಲ. ಬೆಳಗಿನಿಂದ ನಾನು ಸರಿಯಾಗಿ ನೀರು ಕುಡಿದಿರಲಿಲ್ಲ. ಆ ದಾರಿಯಲ್ಲಿ ಒಂದು ಮರವಿಲ್ಲ, ಪೊದೆಯಿಲ್ಲ. ನಮ್ಮವರು ರಸ್ತೆ ಪಕ್ಕ ತಿರುಗಿ ನಿಂತರಾಯಿತು. ನನಗೆ? ಬಸ್ಸಿನ ಪ್ರಯಾಣವಿದ್ದರೆ ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಮಾಡುವುದು ನಮಗೆಲ್ಲ ಹುಡುಗಿಯರಾಗಿದ್ದಾಗಿನಿಂದ ಬಂದ ಅಭ್ಯಾಸ. ಎತ್ತರದಲ್ಲಿ ಹೆಚ್ಚು ನೀರು ಕುಡಿಯಬೇಕೆಂದು ಓದಿಕೊಂಡೇ ಹೋಗಿದ್ದೆ. ಆದರೂ ಬಾಟಲಿಗೆ ತುಟಿ ತಾಗಿಸಿ ಕುಡಿದಂತೆ ಮಾಡುತ್ತಿದ್ದೆ.

ಸರ್ಚುವಿನ ಡೇರೆಯಲ್ಲಿ ಆ ರಾತ್ರಿ ನಾಲ್ಕು ಸಲ ವಾಂತಿಯಾಯಿತು. ಎದ್ದು ನಿಂತರೆ ನೆಲ ದೋಣಿಯಂತೆ. ಆಗಲೂ ನಾನು ಹೇಳಿದ್ದು, "ಏನಿಲ್ಲ, ಆಲೂ ಪರೋಟದ ಎಣ್ಣೆ ಸರಿಯಿಲ್ಲ." ಡೇರೆಯ ಹುಡುಗ ಲಾಟೀನು ಹಿಡಿದು ಬಂದು ನನ್ನ ಮುಖ ನೋಡಿದ. ಪಾಪ, ಅವನ ಎಣ್ಣೆಯ ಮೇಲೆ ಹಾಕಿದ ಅಪವಾದ ಅವನಿಗೆ ತಿಳಿಯಲಿಲ್ಲ. ಹಿಂದಿಯಲ್ಲಿ ನಮ್ಮವರಿಗೆ ಹೇಳಿದ: "ಇವರನ್ನು ಮುಂದೆ ಕರೆದುಕೊಂಡು ಹೋಗಬೇಡಿ ಸಾಬ್."

ಸರ್ಚುವಿನ ಕಷ್ಟ ಏನೆಂದರೆ ಅದು ಬಟ್ಟಲಿನ ತಳದಲ್ಲಿದ್ದಂತೆ. ಎತ್ತರದ ಕಾಯಿಲೆಗೆ ಮದ್ದು ಇಳಿಯುವುದು. ಇಳಿಯಬೇಕೆಂದರೆ ಅಲ್ಲಿಂದ ಯಾವ ಕಡೆಗಾದರೂ ಮೊದಲು ಹತ್ತಲೇಬೇಕು. ಮುಂದೆ ಹೋದರೆ ಗಾಟಾದ 21 ತಿರುವುಗಳು, ಹದಿನಾರೂವರೆ ಸಾವಿರ ಅಡಿಯ ಲಾಚುಲುಂಗ್, ಆಮೇಲೆ ಮೋರೆ ಬಯಲು, ಅದಕ್ಕೂ ಮೇಲೆ ತಗ್ಲಾಂಗ್. ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದಾರಿ ಇಳಿಯುವ ಮಾತಿಲ್ಲ. ಹಿಂದೆ ಹೋದರೆ ಹದಿನಾರು ಸಾವಿರದ ಬಾರಾಲಾಚಾ ಮತ್ತೊಮ್ಮೆ, ಆದರೆ ಅದೊಂದು ದಾಟಿದರೆ ಒಂದೇ ಸಮನೆ ಇಳಿತ. ಈ ಕಾಯಿಲೆ ಬರೀ ತಲೆನೋವಿನಲ್ಲಿ ನಿಲ್ಲದೆ ಮಿದುಳಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿದರೆ ಗಂಟೆಗಳ ಲೆಕ್ಕ.

ಬೆಳಕು ಹರಿಯುವ ಮೊದಲೇ ಕೇಲಾಂಗಿಗೆ ವಾಪಸು ಹೊರಟಿದ್ದ ಒಂದು ಸುಮೋದಲ್ಲಿ ನನ್ನನ್ನು ಕೂರಿಸಿದರು. ಬೈಕಿನ ಮೇಲೆ ಕೂರುವ ಸ್ಥಿತಿ ನನ್ನದಾಗಿರಲಿಲ್ಲ. ಡ್ರೈವರನ ಹತ್ತಿರ ಆಮ್ಲಜನಕದ ಸಣ್ಣ ಸಿಲಿಂಡರ್ ಇತ್ತು. ನಮ್ಮವರು ಹಿಂದೆ ಗಾಡಿಯಲ್ಲಿ. ಅತ್ತೆಯ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು, ಇಬ್ಬರೂ ಒಂದೇ ಗಾಡಿಯಲ್ಲಿರಲಿಲ್ಲ. ಐದು ದಿನ ಬರೀ ಅವರ ಬೆನ್ನು ನೋಡಿದ್ದೆ. ಈಗ ಹಿಂದಿನ ಗಾಜಿನಲ್ಲಿ ಅವರ ಮುಖ ಕಂಡಿತು. ಬಾರಾಲಾಚಾದ ಆ ಚಳಿಯಲ್ಲಿ ಹೆಲ್ಮೆಟ್ಟಿನ ಗಾಜು ಮೇಲೆತ್ತಿಕೊಂಡು ಬರುತ್ತಿದ್ದರು. ಉಸಿರಿಗೆ ಗಾಜು ಮಂಜಾಗುತ್ತಿತ್ತಂತೆ, ಸುಮೋ ಕಾಣುತ್ತಿರಲಿಲ್ಲವಂತೆ. ಅಷ್ಟು ಹೆದರಿದ ಮುಖವನ್ನು ನಾನು ಹೆರಿಗೆಯ ಹೊತ್ತಿನಲ್ಲೂ ನೋಡಿರಲಿಲ್ಲ. ಇವರು ಐದು ದಿನವೂ ಹೀಗೇ ಇದ್ದರೇ, ಬೆನ್ನು ನನಗೆ ಸುಳ್ಳು ಹೇಳಿತ್ತೇ ಎಂದು ಆ ಮಂಪರಿನಲ್ಲೂ ಅನ್ನಿಸಿತು.

ಕೇಲಾಂಗಿನ ಆಸ್ಪತ್ರೆಯಲ್ಲಿ ಎರಡು ಗಂಟೆಯಲ್ಲಿ ನಾನು ಮನುಷ್ಯಳಾದೆ. ವೈದ್ಯರು ಸಣ್ಣ ವಯಸ್ಸಿನವರು. "ನೋವು ಯಾವಾಗ ಶುರುವಾಯಿತು?" ಎಂದು ಕೇಳಿದರು. "ನಿನ್ನೆ ಎರಡು ಗಂಟೆಗೆ" ಎಂದೆ. ನಮ್ಮವರು ನನ್ನ ಕಡೆ ತಿರುಗಿದ ನೋಟ ಮರೆಯಲಾರೆ. ಅದರಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ನಂಬಿ ಲೆಕ್ಕ ಬಿಟ್ಟವನಿಗೆ ಪುಸ್ತಕ ತಪ್ಪೆಂದು ತಿಳಿದಾಗ ಆಗುವ ಮುಖ ಅದು.

ಜಿಸ್ಪಾದಲ್ಲಿ ಎರಡು ದಿನ ಕೂತೆವು. ಭಾಗಾ ನದಿಯ ದಡ, ಪಾಪ್ಲರ್ ಮರಗಳು, ಬಟಾಣಿಯ ಹೊಲ. ಜಗಳ ಅಲ್ಲೇ ಆಯಿತು, ತಣ್ಣಗೆ, ಚಹಾ ಕುಡಿಯುತ್ತಾ. ಅವರು ಹೇಳಿದರು: "ನೀನು ಹೇಳಿದ್ದರೆ ಝಿಂಗ್‌ಝಿಂಗ್‌ಬಾರಿನಲ್ಲೇ ತಿರುಗಿಸುತ್ತಿದ್ದೆ. ನಾನು ಓಡಿಸಿದ್ದು ನಿನ್ನನ್ನು ನಂಬಿ." ಈ ಮಾತನ್ನು ನಾನು ಎಂದೂ ಯೋಚಿಸಿರಲಿಲ್ಲ. ಹಿಂದೆ ಕೂತವಳು ಮುಂದಿನವನನ್ನು ನಂಬುವುದು ಸರಿ. ಮುಂದಿನವನೂ ಹಿಂದಿನವಳನ್ನು ನಂಬಿ ಓಡಿಸುತ್ತಾನೆ ಎಂದು ಯಾರು ಹೇಳಿಕೊಟ್ಟಿದ್ದರು? ಸಹಿಸಿಕೊಳ್ಳುವುದನ್ನು ಹೇಳಿಕೊಟ್ಟಿದ್ದರು. ನೋವನ್ನು ನುಂಗಿದರೆ ಅದು ನನ್ನೊಳಗೇ ಮುಗಿಯುತ್ತದೆ, ಬೇರೆಯವರಿಗೆ ತೊಂದರೆಯಿಲ್ಲ ಎಂದು ನಂಬಿದ್ದೆ. ಇಬ್ಬರು ಒಂದೇ ಗಾಡಿಯ ಮೇಲಿದ್ದಾಗ ಅದು ಮುಗಿಯುವುದಿಲ್ಲ. ಅವರು ನಿರ್ಧಾರ ಮಾಡಿದ್ದು ನಾನು ಕೊಟ್ಟ ಸುಳ್ಳು ಲೆಕ್ಕದ ಮೇಲೆ. ಅಂದ ಮೇಲೆ ಆ ನಿರ್ಧಾರ ಯಾರದು? ಆ ರಾತ್ರಿ ಏನಾದರೂ ಆಗಿದ್ದರೆ ಜನ ಅವರನ್ನೇ ಅನ್ನುತ್ತಿದ್ದರು, ಹೆಂಡತಿಯನ್ನು ಬೆಟ್ಟ ಹತ್ತಿಸಿ ಕೊಂದ ಎಂದು. ನನ್ನನ್ನು ಸಹನಾಮೂರ್ತಿ ಅನ್ನುತ್ತಿದ್ದರು.

ನಾನೂ ಸುಮ್ಮನಿರಲಿಲ್ಲ. "ನಿಮಗೆ ಯಾರೂ ಏನೂ ಹೇಳಿರಲಿಲ್ಲವಾ?" ಎಂದು ಕೇಳಿದೆ. ಬಹಳ ಹೊತ್ತು ನದಿ ನೋಡಿದರು. ಆಮೇಲೆ ಹೇಳಿದರು. ಮೊದಲ ಸಲ ಜಿಸ್ಪಾದಲ್ಲಿ ಮಲಗಿದ್ದಾಗಲೇ ಚಹಾದಂಗಡಿಯ ಅಜ್ಜಿ, ಇಲ್ಲಿ ಎರಡು ರಾತ್ರಿ ಇದ್ದು ಹೋಗಿ, ಸರ್ಚುವಿನಲ್ಲಿ ಮಲಗಬೇಡಿ ಎಂದಿದ್ದಳಂತೆ. ರಜೆ ಕಡಿಮೆ ಇತ್ತು. ಹೇಳಿದರೆ ನೀನು ಹೆದರುತ್ತೀ ಎಂದು ಹೇಳಲಿಲ್ಲವಂತೆ. ಹಳ್ಳಗಳನ್ನು ದಾಟುವಾಗಲೆಲ್ಲ ಕೈ ನಡುಗುತ್ತಿತ್ತು, ಅದನ್ನೂ ಹೇಳಲಿಲ್ಲವಂತೆ.

ನನಗೆ ಆಗ ನೆನಪಾದದ್ದು ನಮ್ಮಜ್ಜ ಹೇಳುತ್ತಿದ್ದ ಮಹಾಪ್ರಸ್ಥಾನದ ಕಥೆ. ಗಂಡಂದಿರ ಜೊತೆ ಉತ್ತರದ ಹಿಮಾಲಯಕ್ಕೆ ಹೊರಟ ಮೊದಲನೆಯ ಹೆಂಗಸು ದ್ರೌಪದಿಯೇ ಇರಬೇಕು. ಅಲ್ಲಿ ಮೊದಲು ಬಿದ್ದವಳೂ ಅವಳೇ. ಯಾಕೆ ಬಿದ್ದಳು ಎಂದು ಭೀಮ ಕೇಳಿದರೆ, ಅವಳಿಗೆ ಅರ್ಜುನನ ಮೇಲೆ ಪಕ್ಷಪಾತವಿತ್ತು ಎಂದು ಹೇಳಿ ಧರ್ಮರಾಯ ಹಿಂತಿರುಗಿ ನೋಡದೆ ನಡೆದ. ಆಮೇಲೆ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲವೆಂದು ಹಟ ಹಿಡಿದವನೂ ಅವನೇ! ಚಿಕ್ಕಂದಿನಲ್ಲಿ ನನಗೆ ಧರ್ಮರಾಯನ ಮೇಲೆ ಸಿಟ್ಟು ಬರುತ್ತಿತ್ತು. ಜಿಸ್ಪಾದಲ್ಲಿ ಕೂತಾಗ ಬೇರೆಯೇ ಅನುಮಾನ ಬಂತು. ಬೀಳುವ ಮೊದಲು ಅವಳಿಗೆ ತಲೆನೋವು ಬಂದಿರಬೇಕಲ್ಲವೆ? ಒಂದು ಸಲವಾದರೂ ಹೇಳಿದ್ದಳೆ? ಸಭೆಯಲ್ಲಿ ಅಷ್ಟು ಹಿರಿಯರ ಎದುರು ನಿಂತು ನ್ಯಾಯ ಕೇಳಿದವಳು, ಕೊನೆಯ ನಡಿಗೆಯಲ್ಲಿ ಐವರ ಬೆನ್ನು ನೋಡುತ್ತಾ ಸುಮ್ಮನೆ ನಡೆದಳೆ? ಕಥೆಯಲ್ಲಿ ಅದು ಬರುವುದಿಲ್ಲ. ಯೋಗದಲ್ಲಿ ಮನಸ್ಸಿಟ್ಟು ನಡೆಯುವವರು ಮಾತಾಡಬಾರದು ಎನ್ನುವವರಿದ್ದಾರೆ. ಇರಲಿ, ಅವರು ಹಿಂದೆ ಬರುವುದಕ್ಕೆ ಹೋದವರಲ್ಲ. ನಾವು ಬರಬೇಕಾದವರು.

ಮೂರನೆಯ ದಿನ ಬೆಳಿಗ್ಗೆ ನಮ್ಮವರು ಗಾಡಿಯ ಮುಖವನ್ನು ಮನಾಲಿಯ ಕಡೆ ತಿರುಗಿಸಿ ನಿಲ್ಲಿಸಿದ್ದರು. ನನ್ನನ್ನು ಕೇಳದೆ. ಒಳ್ಳೆಯ ಮನಸ್ಸಿನಿಂದಲೇ. "ನನಗೆ ಲೇಹ್‌ಗೆ ಹೋಗಬೇಕು" ಎಂದೆ. ನೋವನ್ನು ಹೇಳುವುದಕ್ಕಿಂತ ಆಸೆಯನ್ನು ಹೇಳುವುದು ಕಷ್ಟ ಎಂದು ಆಗ ತಿಳಿಯಿತು, ನನ್ನ ದನಿ ನನಗೇ ಪರಕೀಯವಾಗಿ ಕೇಳಿತು. ಅವರು ಆಸ್ಪತ್ರೆಗೆ ಕರೆದೊಯ್ದು ಮತ್ತೆ ತೋರಿಸಿದರು. ವೈದ್ಯರು ಮಾತ್ರೆ ಕೊಟ್ಟು, ತಲೆನೋವು ಮರಳಿದರೆ ಒಂದು ಹೆಜ್ಜೆಯೂ ಮೇಲೆ ಹತ್ತಬಾರದು ಎಂದರು. ಅಲ್ಲಿಂದ ಹೊಸ ಕರಾರು. ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಇಬ್ಬರೂ ಅಂಕ ಹೇಳಬೇಕು, ತಲೆನೋವಿಗೆ ಹತ್ತಕ್ಕೆ ಎಷ್ಟು, ಹೆದರಿಕೆಗೆ ಹತ್ತಕ್ಕೆ ಎಷ್ಟು. ಗಾಟಾ ತಿರುವುಗಳಲ್ಲಿ ನಮ್ಮವರ ಹೆದರಿಕೆಗೆ ಏಳು ಬಂತು. ನನ್ನದು ಆರು. ಶಾಲಿನ ಎರಡು ತುದಿಯನ್ನು ಅವರು ಹಿಡಿದುಕೊಂಡು ಅತ್ತ ತಿರುಗಿ ನಿಂತರೆ ಅದೇ ನನಗೆ ಮರ, ಅದೇ ಪೊದೆ. ನೀರು ಬೇಕಾದಷ್ಟು ಕುಡಿದೆ.

ತಗ್ಲಾಂಗ್ ದಾಟಿ ಲೇಹ್ ಸೇರಿದೆವು. ರಜೆಯೆಲ್ಲ ಜಿಸ್ಪಾದಲ್ಲಿ ಕರಗಿದ್ದರಿಂದ ಪಾಂಗಾಂಗ್ ಸರೋವರಕ್ಕೆ ಹೋಗಲಾಗಲಿಲ್ಲ. 2009ರಲ್ಲಿ ಅಮೀರ್ ಖಾನನ ಸಿನಿಮಾ ಬಂದ ಮೇಲೆ ಲಡಾಖ್ ಅಂದರೆ ಪಾಂಗಾಂಗ್ ಒಂದೇ ಆಗಿದೆ ನಮ್ಮ ಜನಕ್ಕೆ. "ಅಷ್ಟು ದೂರ ಹೋಗಿ ಅದನ್ನು ನೋಡಲಿಲ್ವಾ?" ಎಂದು ಈಗಲೂ ಕೇಳುತ್ತಾರೆ. ಇಲ್ಲ, ನೋಡಲಿಲ್ಲ.

ದೀಪಾವಳಿಗೆ ಚಕ್ಕುಲಿ ಮಾಡುವಾಗ ಅತ್ತೆಗೆ ಒರಳು ಒತ್ತಲಾಗಲಿಲ್ಲ. ಎಡ ಮಣಿಕಟ್ಟು ಹಿಡಿದುಕೊಂಡು ಕೂತರು. ನಾನು ಕೇಳಿದೆ, ಅವರು ಹಾರಿಸಿದರು. ಮಗಳಿಗೆ ತಡೆಯಲಾಗಲಿಲ್ಲ. ನಾವು ಜಿಸ್ಪಾದಲ್ಲಿದ್ದ ಹೊತ್ತಿನಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರಂತೆ. ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಅಪ್ಪ ಅಮ್ಮನಿಗೆ ಹೇಳಕೂಡದೆಂದು ಮಕ್ಕಳಿಬ್ಬರಿಂದಲೂ ಆಣೆ ಹಾಕಿಸಿಕೊಂಡಿದ್ದರಂತೆ. ನಾವು ಬರುವ ಹಿಂದಿನ ದಿನ ಬ್ಯಾಂಡೇಜು ಬಿಚ್ಚಿಸಿಕೊಂಡಿದ್ದರಂತೆ.

ಕೇಲಾಂಗಿನ ಆಸ್ಪತ್ರೆಯಿಂದ ಹೊರಬಂದ ಸಂಜೆ ನಾನು ಮನೆಗೆ ಫೋನು ಮಾಡಿದ್ದೆ. "ಎಲ್ಲ ಚೆನ್ನಾಗಿದೆ ಅತ್ತೆ, ನೀವು?" "ನನಗೇನು ಧಾಡಿ, ಗಟ್ಟಿಯಾಗಿದ್ದೀನಿ" ಎಂದಿದ್ದರು. ಅದಾದದ್ದು ಅವರು ಬಿದ್ದ ದಿನವೇ.

"ಅತ್ತೆ, ಹೇಳಬಾರದಾಗಿತ್ತಾ? ಏನಾದರೂ ಹೆಚ್ಚುಕಡಿಮೆ ಆಗಿದ್ದರೆ?" ಎಂದೆ. ನನ್ನ ದನಿ ಸ್ವಲ್ಪ ಏರಿತ್ತು.

ಸರ್ಚುವಿನ ಕಥೆಯನ್ನು ನಮ್ಮವರು ಊರಿಗೆಲ್ಲ ಹೇಳಿ ಮುಗಿಸಿದ್ದರು. ಅತ್ತೆ ಹಿಟ್ಟಿನ ಪಾತ್ರೆಯನ್ನು ನನ್ನ ಕಡೆ ಸರಿಸಿ, "ಆ ಫೋನಿನಲ್ಲಿ ನೀನು ಹೇಳಿದ್ಯಾ?" ಎಂದು ಕೇಳಿದರು. ಎಣ್ಣೆ ಕಾದಿತ್ತು. ನಾನು ಒರಳು ಒತ್ತಿದೆ.